ಯಂತ್ರದ ಕೊನೆಯುಸಿರು

ಸ್ವರಲಿಪಿಯಾಗಲಿ ವಾದಕನಾಗಲಿ ಇಲ್ಲದ ನಾದವನ್ನು ಸಂಗೀತವೆಂದು ಕರೆಯಬಹುದೆ? 1956ರಲ್ಲಿ ತೆರೆಕಂಡ ‘ಫರ್ಬಿಡನ್ ಪ್ಲಾನೆಟ್’ ಎಂಬ ಅಮೆರಿಕನ್ ಚಲನಚಿತ್ರದೊಡನೆ ಈ ಪ್ರಶ್ನೆ ಎದ್ದಿತು. ಅದರ ಸಂಗೀತ ಸಂಪೂರ್ಣವಾಗಿ ಎಲೆಕ್ಟ್ರಾನಿಕ್. ರಚಿಸಿದವರು ನ್ಯೂಯಾರ್ಕಿನ ಲೂಯಿ ಮತ್ತು ಬೀಬಿ ಬ್ಯಾರನ್ ದಂಪತಿಗಳು.

ಯಂತ್ರ ಹಾಗೂ ಜೀವಿಗಳ ನಿಯಂತ್ರಣಕ್ರಮಗಳಲ್ಲಿ ಸಾಮ್ಯವುಂಟೆಂದು ಗಣಿತಜ್ಞ ನಾರ್ಬರ್ಟ್ ವೀನರ್ 1948ರ ‘ಸೈಬರ್ನೆಟಿಕ್ಸ್’ ಗ್ರಂಥದಲ್ಲಿ ಪ್ರತಿಪಾದಿಸಿದ್ದರು. ಅದರಿಂದ ಪ್ರೇರಿತರಾದ ಲೂಯಿ, ವಾಲ್ವುಗಳ ವಿದ್ಯುನ್ಮಂಡಲಗಳನ್ನು ಕಟ್ಟಿ, ಅವುಗಳಲ್ಲಿ ಮಿತಿಮೀರಿ ವಿದ್ಯುತ್ತನ್ನು ಹರಿಸುತ್ತಿದ್ದರು. ಮಂಡಲವು ಚೀರಿ, ನರಳಿ, ಕೊನೆಗೆ ಸುಟ್ಟುಹೋಗುತ್ತಿತ್ತು. ವೀಣೆಯ ತಂತಿ ಕಡಿದರೆ ಮತ್ತೊಂದನ್ನು ಬಿಗಿಯಬಹುದು; ಈ ದನಿ ಮಾತ್ರ ಮರಳಿ ಬಾರದು. ಗಂಟೆಗಟ್ಟಲೆ ಟೇಪುಗಳನ್ನು ಆಲಿಸಿ ಸತ್ವವುಳ್ಳದ್ದನ್ನು ಆರಿಸುವ ಹೊಣೆ ಬೀಬಿಯವರದು. ಆಯ್ದ ಭಾಗಗಳ ವೇಗವನ್ನು ಬದಲಿಸಿ, ಹಿಮ್ಮುಖವಾಗಿ ಓಡಿಸಿ, ಕತ್ತರಿಸಿ ಜೋಡಿಸುತ್ತಿದ್ದರು.

ಚಿತ್ರದ ಕಥೆಗೆ ಈ ವಿಧಾನ ಒಪ್ಪುವಂಥದು. ಆಲ್ಟೇರ್-4 ಗ್ರಹದ ಕ್ರೆಲ್ ಜನಾಂಗವು ಮನದ ಬಯಕೆಗೆ ರೂಪ ಕೊಡುವ ಮಹಾಯಂತ್ರವನ್ನು ನಿರ್ಮಿಸಿತು. ಬಯಕೆಯೊಂದಿಗೆ ಒಳಮನದ ದ್ವೇಷವೂ ರೂಪ ತಳೆಯಿತು. ಒಂದೇ ಇರುಳಿನಲ್ಲಿ ಆ ಕುಲವೇ ಅಳಿಯಿತು. ಹೀಗೆ ಯಂತ್ರದಿಂದ ಅಳಿದವರ ಕಥೆಗೆ ಅಳಿಯುತ್ತಿರುವ ಯಂತ್ರಗಳೇ ದನಿಯಾದವು.

ಸಂಗೀತಗಾರರ ಸಂಘದ ಆಕ್ಷೇಪಕ್ಕೆ ಅಂಜಿ, ಚಿತ್ರದ ಹೆಸರುಪಟ್ಟಿಯಲ್ಲಿ ‘ಸಂಗೀತ’ ಎನ್ನದೆ ‘ಎಲೆಕ್ಟ್ರಾನಿಕ್ ಟೋನ್ಯಾಲಿಟೀಸ್’ ಎಂದು ಹಾಕಿದರು. 1976ರಲ್ಲಿ ಅದು ಧ್ವನಿಮುದ್ರಿಕೆಯಾಗಿ ಹೊರಬಂದಿತು. ನರಳಿದ್ದು ಯಂತ್ರವೇ ಇರಬಹುದು. ಆ ನರಳಿಕೆಯಲ್ಲಿ ನಾದವನ್ನು ಗುರುತಿಸಿದ ಕಿವಿ ಮನುಷ್ಯರದು. ಸಂಗೀತವೆನ್ನಲು ಅಷ್ಟು ಸಾಲದೆ?