ಗ್ಯಾಸ್ ಗೀಸರ್

ಗ್ಯಾಸ್ ಗೀಸರ್ ಎಂದರೆ ದ್ರವೀಕೃತ ಪೆಟ್ರೋಲಿಯಂ ಅನಿಲವನ್ನು ಉರಿಸಿ, ಸ್ನಾನದ ನೀರನ್ನು ಅದು ಹರಿಯುತ್ತಿರುವಾಗಲೇ ಕಾಯಿಸುವ ಗೃಹೋಪಕರಣ. ಇದರ ಇಂಧನ ಅಡುಗೆಮನೆಯ ಸಿಲಿಂಡರಿನಲ್ಲಿರುವ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣವೇ ಆಗಿದೆ. ಗಾಳಿಯಾಡದ ಸ್ನಾನಗೃಹದಲ್ಲಿ ಇದನ್ನು ಬಳಸುವುದು ಪ್ರಾಣಾಂತಿಕವಾಗಬಲ್ಲದು.

ಹಿನ್ನೆಲೆ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳು ಘಟ್ಟದ ಮೇಲಿನ ಕಾಡುನಾಡು ಹಾಗೂ ಅದರ ಅಂಚಿನ ಪ್ರದೇಶಗಳು. ಮಳೆಗಾಲದಲ್ಲಿಯೂ ಮಾಗಿಯ ಚಳಿಯಲ್ಲಿಯೂ ಇಲ್ಲಿ ಬಿಸಿನೀರು ನಿತ್ಯದ ಅಗತ್ಯ. ಹಳೆಯ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆಯನ್ನು ಕೂರಿಸಿ ಸೌದೆಯಿಂದ ನೀರು ಕಾಯಿಸುತ್ತಿದ್ದರು. ಆ ಒಲೆಯೂ ವಿಷಾನಿಲವನ್ನು ಹೊರಸೂಸುತ್ತಿತ್ತು. ಆದರೆ ಹೆಂಚಿನ ಸಂದುಗಳಿಂದ, ಮಾಡಿಗೆ ತಾಗದ ಗೋಡೆಯ ಮೇಲ್ತುದಿಯಿಂದ ಹೊಗೆ ಹೊರಹೋಗುತ್ತಿತ್ತು, ಕಣ್ಣುರಿಯೇ ಎಚ್ಚರಿಕೆಯಾಗುತ್ತಿತ್ತು. ಸಿಮೆಂಟಿನ ತಾರಸಿ, ಬಿಗಿಯಾದ ಬಾಗಿಲು ಮತ್ತು ಗಾಜಿನ ಕಿರುಕಿಟಕಿಯುಳ್ಳ ಇಂದಿನ ಸ್ನಾನಗೃಹದಲ್ಲಿ ಈ ಎರಡು ರಕ್ಷಣೆಗಳೂ ಇಲ್ಲ. ಮೋಡ ಕವಿದ ದಿನಗಳಲ್ಲಿ ಸೌರ ಜಲತಾಪಕಗಳು ಸಾಲವು, ವಿದ್ಯುತ್ತೂ ಆಗಾಗ ಕೈಕೊಡುತ್ತದೆ. ಎರಡು ಒಣಕೋಶಗಳ ಕಿಡಿಯಿಂದಲೇ ಹೊತ್ತಿಕೊಳ್ಳುವ ಈ ಉಪಕರಣವು ಜನಪ್ರಿಯವಾದುದು ಸಹಜವೇ.

ಕಾರ್ಯವಿಧಾನ ಮತ್ತು ಅಪಾಯ

ನಲ್ಲಿಯನ್ನು ತಿರುಗಿಸಿದಾಗ ನೀರಿನ ಒತ್ತಡವು ಅನಿಲದ ಕವಾಟವನ್ನು ತೆರೆಯುತ್ತದೆ. ಜ್ವಾಲೆಯ ಮೇಲಿರುವ ತಾಮ್ರದ ಸುರುಳಿಯಲ್ಲಿ ನೀರು ಹರಿದು ಕಾಯುತ್ತದೆ. ನಿಮಿಷಕ್ಕೆ 6 ಲೀಟರ್ ನೀರಿನ ಉಷ್ಣತೆಯನ್ನು 25 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು 10 ಕಿಲೋವ್ಯಾಟ್‌ಗಿಂತ ಹೆಚ್ಚಿನ ಶಾಖ ಬೇಕು. ಇದು ಅಡುಗೆ ಒಲೆಯ ಒಂದು ಉರಿಯ ಹಲವು ಪಟ್ಟು. ಹತ್ತು ನಿಮಿಷಗಳ ಸ್ನಾನಕ್ಕೆ ಸುಮಾರು 150 ಗ್ರಾಂ ಅನಿಲ ಉರಿಯುತ್ತದೆ. ಅದು ಪೂರ್ಣವಾಗಿ ದಹಿಸಲು ಸುಮಾರು 2 ಘನ ಮೀಟರ್ ಗಾಳಿಯಲ್ಲಿರುವ ಆಮ್ಲಜನಕವೆಲ್ಲವೂ ಬೇಕು. ಐದಡಿ ಅಗಲ, ಐದಡಿ ಉದ್ದ, ಎಂಟಡಿ ಎತ್ತರದ ಕೋಣೆಯಲ್ಲಿರುವ ಗಾಳಿ 6 ಘನ ಮೀಟರ್‌ಗೂ ಕಡಿಮೆ. ಮನೆಮಂದಿ ಒಬ್ಬರ ಬೆನ್ನಿಗೆ ಒಬ್ಬರು ಸ್ನಾನಕ್ಕೆ ಹೋದಾಗ ಕೊನೆಯವರಿಗೆ ಉಳಿಯುವ ಗಾಳಿ ಎಂಥದೆಂಬುದನ್ನು ಈ ಲೆಕ್ಕದಿಂದಲೇ ಊಹಿಸಬಹುದು.

ಆಮ್ಲಜನಕ ಕಡಿಮೆಯಾದಂತೆ ದಹನವು ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಇದು ರಕ್ತದ ಹಿಮೋಗ್ಲೋಬಿನ್‌ನೊಂದಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಬಂಧಿಸಿಕೊಳ್ಳುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಅನಿಲಕ್ಕೆ ಬೆರೆಸುವ ಮರ್ಕ್ಯಾಪ್ಟನ್ ವಾಸನೆಯು ಸೋರಿಕೆಯನ್ನು ಮಾತ್ರ ತಿಳಿಸುತ್ತದೆ. ಉರಿದ ಅನಿಲದಲ್ಲಿ ಅದು ಉಳಿಯುವುದಿಲ್ಲ. ಆದ್ದರಿಂದ ‘ವಾಸನೆ ಬರಲಿಲ್ಲ’ ಎಂಬುದು ಸುರಕ್ಷತೆಯ ಪುರಾವೆಯಲ್ಲ. ತಲೆನೋವು, ತಲೆಸುತ್ತು, ವಾಕರಿಕೆಗಳ ಬೆನ್ನಲ್ಲೇ ಕಾಲುಗಳು ಸೋಲುತ್ತವೆ. ಒಳಗಿನಿಂದ ಹಾಕಿದ ಚಿಲಕವನ್ನು ತೆಗೆಯಲೂ ಆಗದೆ ಜನರು ಕುಸಿದುಬೀಳುವುದುಂಟು.

ಸುರಕ್ಷತೆ

ಚಳಿದೇಶಗಳ ಕ್ಯಾರವಾನ್‌ಗಳಲ್ಲಿ ಪ್ರೊಪೇನ್‌ನಿಂದ ಶಾಖ ಪಡೆಯುವಾಗಲೂ ಇದೇ ಸಮಸ್ಯೆ ಎದುರಾಗುತ್ತದೆ. ಅಲ್ಲಿ ಶಾಶ್ವತವಾಗಿ ಅಳವಡಿಸುವ ತಾಪಕಗಳು ದಹನಕ್ಕೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು ಹೊಗೆಯನ್ನು ಹೊರಕ್ಕೇ ಬಿಡುತ್ತವೆ. ಮಲಗುವ ಕೋಣೆಯ ಗಾಳಿಗೂ ಜ್ವಾಲೆಗೂ ಸಂಪರ್ಕವಿರುವುದಿಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಅಗ್ಗದ ಗೀಸರುಗಳು ಕೋಣೆಯ ಗಾಳಿಯನ್ನೇ ಬಳಸಿ, ಹೊಗೆಯನ್ನೂ ಅಲ್ಲಿಯೇ ಬಿಡುತ್ತವೆ. ಆದುದರಿಂದ ಗೀಸರನ್ನು ಸಿಲಿಂಡರಿನೊಡನೆ ಸ್ನಾನಗೃಹದ ಹೊರಗೆ, ತೆರೆದ ಜಾಗದಲ್ಲಿಟ್ಟು, ಬಿಸಿನೀರನ್ನು ಮಾತ್ರ ಕೊಳವೆಯ ಮೂಲಕ ಒಳಗೆ ತರುವುದೇ ಉತ್ತಮ ವ್ಯವಸ್ಥೆ. ಗಾಳಿ ಒಳಬರಲು ಕಿಂಡಿಯೇ ಇಲ್ಲದಿದ್ದರೆ ಎಕ್ಸಾಸ್ಟ್ ಫ್ಯಾನ್ ಇದ್ದೂ ಪ್ರಯೋಜನ ಕಡಿಮೆ. ಹಳದಿ ಜ್ವಾಲೆ ಅಥವಾ ಮಸಿ ಕಂಡರೆ ಉಪಕರಣವನ್ನು ದುರಸ್ತಿ ಮಾಡಿಸುವವರೆಗೆ ಬಳಸಬಾರದು. ಆದರೆ ನೀಲಿ ಜ್ವಾಲೆಯನ್ನೇ ನಂಬಿ ಕಿಟಕಿ ಮುಚ್ಚುವಂತಿಲ್ಲ. ದಾಂಡೇಲಿ, ಜೋಯಿಡಾ ಕಡೆಗೆ ಬರುವ ಪ್ರವಾಸಿಗರು ಡೇರೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಇಟ್ಟುಕೊಂಡು ಮಲಗುವುದೂ ಇಷ್ಟೇ ಅಪಾಯಕರ. ಕೆಂಡದಿಂದಲೂ ಅದೇ ಅನಿಲ ಹೊರಬರುತ್ತದೆ.

ಪ್ರಥಮ ಚಿಕಿತ್ಸೆ

ಬಾಗಿಲು ತೆರೆದು ಅಥವಾ ಒಡೆದು ಅಸ್ವಸ್ಥರನ್ನು ಕೂಡಲೇ ಹೊರಗಿನ ಗಾಳಿಗೆ ತರಬೇಕು. ಅನಿಲದ ಕವಾಟವನ್ನು ಮುಚ್ಚಬೇಕು. ಉಸಿರಾಟ ನಿಂತಿದ್ದರೆ ಕೃತಕ ಉಸಿರಾಟ ಮತ್ತು ಎದೆಯೊತ್ತುವಿಕೆ ಅಗತ್ಯ. ಪ್ರಜ್ಞೆ ಮರಳಿದರೂ ಆಸ್ಪತ್ರೆಗೆ ಒಯ್ಯಲೇಬೇಕು. ಸಾಧಾರಣ ಗಾಳಿಯಲ್ಲಿ ರಕ್ತದಲ್ಲಿರುವ ಈ ವಿಷ ಅರ್ಧಕ್ಕಿಳಿಯಲು ನಾಲ್ಕರಿಂದ ಆರು ಗಂಟೆಗಳು ಬೇಕು. ಶುದ್ಧ ಆಮ್ಲಜನಕ ನೀಡಿದರೆ ಸುಮಾರು ಒಂದೂವರೆ ಗಂಟೆ ಸಾಕು.