ಹೈಡ್ರೇಂಜಿಯ ಚಳಿಗಾಲವನ್ನು ದಾಟದಿರುವುದೇಕೆ?

ಉದಕಮಂಡಲದಲ್ಲಿಯೋ ಮಡಿಕೇರಿಯಲ್ಲಿಯೋ ಮನೆಗಳ ಅಂಗಳದ ಬದಿಗೆ, ನೀಲಿ ಇಲ್ಲವೆ ನಸುಗೆಂಪು ಬಣ್ಣದ ದೊಡ್ಡ ಹೂಗೊಂಚಲುಗಳನ್ನು ಹೊತ್ತು ನಿಂತ ಪೊದೆಯೊಂದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಅದೇ ಹೈಡ್ರೇಂಜಿಯ. ಜಪಾನಿನ ಕಡಲಂಚಿನ ಹಿತವಾದ ಹವೆಯೇ ಅದರ ತವರು. 18ನೆಯ ಶತಮಾನದ ಕೊನೆಯ ವೇಳೆಗೆ ಅದು ಇಂಗ್ಲೆಂಡನ್ನು ಸೇರಿತು; ಈಗ ಯುರೋಪು, ಅಮೆರಿಕ ಖಂಡಗಳ ತೋಟಗಳಲ್ಲೆಲ್ಲ ಅದಕ್ಕೆ ಮನ್ನಣೆಯುಂಟು. ಆದರೆ ಹಿಮ ಬೀಳುವ ಆ ಸೀಮೆಗಳ ತೋಟಗಾರನಿಗೆ ಅದರಿಂದ ಒಂದು ಗೋಳೂ ಉಂಟು. ಶರತ್ಕಾಲದಲ್ಲಿ ಸೊಂಪಾಗಿದ್ದ ಗಿಡ ವಸಂತದಲ್ಲಿ ಹೋಗಿ ನೋಡಿದರೆ ಒಣಕಡ್ಡಿಗಳ ಕಂತೆಯಾಗಿರುತ್ತದೆ!

ಚಳಿ ಹೆಚ್ಚಾಯಿತು, ಗಿಡ ಸತ್ತಿತು ಎಂದು ಹೇಳಿಬಿಡುವುದು ಸುಲಭ. ಆದರೆ ಬೇಲಿಯಾಚೆಯ ವಿಲ್ಲೊ ಮರ ಅದೇ ಚಳಿಯಲ್ಲಿ ಸುಖವಾಗಿಯೇ ಇತ್ತಲ್ಲ? ಅದಕ್ಕಿಂತ ಕಠಿನವಾದ ಚಳಿಯನ್ನು ಈ ಹೈಡ್ರೇಂಜಿಯವೇ ಒಮ್ಮೊಮ್ಮೆ ದಾಟಿ ಬಂದಿರುವುದೂ ಉಂಟು. ಆದುದರಿಂದ ಚಳಿ ಎಷ್ಟಿತ್ತು ಎಂಬುದಕ್ಕಿಂತ, ಅದು ಬಂದಾಗ ಗಿಡ ಯಾವ ಸ್ಥಿತಿಯಲ್ಲಿತ್ತು ಎಂದು ಕೇಳುವುದೇ ಮೇಲು.

ನೀರು ತುಂಬಿದ ಸೀಸೆ ಹೆಪ್ಪುಗಟ್ಟಿದಾಗ ಒಡೆಯುವಂತೆ ಗಿಡದ ಜೀವಕೋಶಗಳೂ ಒಡೆಯುತ್ತವೆಂದು ಬಹುಕಾಲ ನಂಬಲಾಗಿತ್ತು. ವಾಸ್ತವವಾಗಿ ನಡೆಯುವುದು ಬೇರೆ. ಕೋಶದೊಳಗಿನ ರಸದಲ್ಲಿ ಸಕ್ಕರೆ, ಲವಣಗಳು ಕರಗಿರುವುದರಿಂದ ಅದು ಬೇಗನೆ ಹೆಪ್ಪುಗಟ್ಟದು. ಮಂಜುಗಡ್ಡೆ ಮೊದಲು ಮೂಡುವುದು ಕೋಶಗಳ ನಡುವಣ ತೆರವುಗಳಲ್ಲಿ. ಮೂಡಿದ ಆ ಗಡ್ಡೆ ಸುಮ್ಮನಿರುವುದಿಲ್ಲ. ಕೋಶದೊಳಗಿನ ನೀರನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತ ಬೆಳೆಯುತ್ತದೆ. ಉಪ್ಪಿನಕಾಯಿಗೆಂದು ಹೆಚ್ಚಿದ ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಹೋಳು ನೀರು ಬಿಟ್ಟು ಮುದುಡುವುದಿಲ್ಲವೆ? ಕೋಶವೂ ಹಾಗೆಯೇ ಮುದುಡುತ್ತದೆ. ಮುದುಡುವಿಕೆ ಮಿತಿಮೀರಿದರೆ ಅದನ್ನು ಸುತ್ತಿರುವ ತೆಳುಪೊರೆ ಕೆಡುತ್ತದೆ. ಮತ್ತೆ ಬಿಸಿಲೇರಿ ಗಡ್ಡೆ ಕರಗಿದಾಗ ರಸವೆಲ್ಲ ಹೊರಸೋರಿ, ಎಲೆ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬೀಳುತ್ತದೆ. ಹೀಗೆ ನೋಡಿದರೆ ಹಿಮದ ಹೊಡೆತವೂ ಒಂದು ಬಗೆಯ ಬರಗಾಲವೇ.

ಈ ಬರಕ್ಕೆ ಗಿಡಗಳು ಮೊದಲೇ ಅಣಿಯಾಗುತ್ತವೆ. ಹಗಲು ಮೊಟಕಾಗತೊಡಗಿದೊಡನೆ ಬೆಳವಣಿಗೆ ನಿಲ್ಲುತ್ತದೆ, ಮೊಗ್ಗುಗಳು ಮುಚ್ಚಿಕೊಳ್ಳುತ್ತವೆ, ಕೋಶಗಳಲ್ಲಿ ಸಕ್ಕರೆಯ ಅಂಶ ಏರುತ್ತದೆ. ಪೊರೆಯಲ್ಲಿರುವ ಕೊಬ್ಬಿನ ಸ್ವರೂಪವೂ ಬದಲಾಗುತ್ತದೆ. ಡಿಸೆಂಬರಿನ ಚಳಿಗೆ ತೆಂಗಿನೆಣ್ಣೆ ಗಟ್ಟಿಯಾದರೂ ಎಳ್ಳೆಣ್ಣೆ ಹರಿಯುತ್ತಲೇ ಇರುವುದನ್ನು ನಮ್ಮ ಅಡುಗೆಮನೆಗಳಲ್ಲಿ ಕಾಣುತ್ತೇವೆ. ಗಿಡವು ತನ್ನ ಪೊರೆಯ ಕೊಬ್ಬನ್ನು ಎಳ್ಳೆಣ್ಣೆಯ ಜಾತಿಯತ್ತ ತಿರುಗಿಸಿ, ಪೊರೆ ಬಿರುಸಾಗದಂತೆ ಕಾಯ್ದುಕೊಳ್ಳುತ್ತದೆ ಎನ್ನಬಹುದು.

ಈ ಸಿದ್ಧತೆಯ ಬಲ ಎಷ್ಟೆಂಬುದನ್ನು ಜಪಾನಿನ ವಿಜ್ಞಾನಿ ಅಕಿರ ಸಕಾಯ್ ತೋರಿಸಿಕೊಟ್ಟರು. ಚಳಿಗೆ ಹದಗೊಂಡ ವಿಲ್ಲೊ ಮುಂತಾದ ಮರಗಳ ಕಡ್ಡಿಗಳನ್ನು ಅವರು ಮೊದಲು ನಿಧಾನವಾಗಿ ಸೊನ್ನೆಗಿಂತ ಸುಮಾರು 30 ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ತಣಿಸಿ, ಬಳಿಕ ದ್ರವ ಸಾರಜನಕದಲ್ಲಿ, ಎಂದರೆ ಸೊನ್ನೆಯ ಕೆಳಗೆ 196 ಡಿಗ್ರಿಯಲ್ಲಿ ಮುಳುಗಿಸಿದರು. ಕಡ್ಡಿಗಳು ಬದುಕಿಯೇ ಇದ್ದವು! 1960ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ನಿಧಾನವಾಗಿ ತಣಿಸಿದಾಗ ಹೆಪ್ಪುಗಟ್ಟಬಲ್ಲ ನೀರೆಲ್ಲ ಕೋಶದಿಂದ ಹೊರಗೆ ಹೋಗಿರುತ್ತದೆ; ಒಳಗೆ ಗಡ್ಡೆಯಾಗಲು ಏನೂ ಉಳಿದಿರುವುದಿಲ್ಲ. ಅದೇ ವಿಲ್ಲೊ ಬೇಸಗೆಯಲ್ಲಿ ಸೊನ್ನೆಯ ಕೆಳಗಿನ ಕೆಲವೇ ಡಿಗ್ರಿಗಳಿಗೆ ಸಾಯುತ್ತದೆ.

ನಮ್ಮ ಹೈಡ್ರೇಂಜಿಯ ಇಂಥ ಸಿದ್ಧತೆಯಲ್ಲಿ ಸೋಮಾರಿ. ಶರತ್ಕಾಲ ಬಂದರೂ ಎಳೆ ಕುಡಿಗಳನ್ನು ಬಿಡುತ್ತಿರುತ್ತದೆ. ಆ ವೇಳೆಗೆ ಅದಕ್ಕೆ ಸಾರಜನಕದ ಗೊಬ್ಬರ ಹಾಕಿದರೆ, ಮಲಗುವ ಮಗುವನ್ನು ಎಬ್ಬಿಸಿ ಆಡಲು ಬಿಟ್ಟಂತೆಯೇ ಸರಿ. ಪ್ರೀತಿಯಿಂದ ಹಾಕಿದ ಗೊಬ್ಬರವೇ ಗಿಡಕ್ಕೆ ಮೃತ್ಯುವಾಗಬಹುದು. ಬೇಗ ಎಚ್ಚರಗೊಳ್ಳುವುದೂ ಅಷ್ಟೇ ಅಪಾಯಕರ. 2007ರ ಮಾರ್ಚ್ ತಿಂಗಳು ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಭಾಗದಲ್ಲಿ ಎಂದಿಗಿಂತ ಬೆಚ್ಚಗಿತ್ತು. ಗಿಡಮರಗಳು ಚಳಿಯ ಕವಚವನ್ನು ಕಳಚಿ ಚಿಗುರಿದವು. ಏಪ್ರಿಲ್ ಮೊದಲ ವಾರದಲ್ಲಿ ಹಿಮಗಾಳಿ ಮರಳಿ ಬಂದು ಆ ಚಿಗುರನ್ನೆಲ್ಲ ಸುಟ್ಟುಹಾಕಿತು. ನಡುಚಳಿಗಾಲದಲ್ಲಾಗಿದ್ದರೆ ಅವೇ ಗಿಡಗಳು ಅಷ್ಟು ಚಳಿಯನ್ನು ಲೆಕ್ಕಿಸುತ್ತಲೇ ಇರಲಿಲ್ಲ.

ಇನ್ನೊಂದು ಶತ್ರು ಬಾಯಾರಿಕೆ. ನೆಲ ಹೆಪ್ಪುಗಟ್ಟಿದಾಗ ಬೇರುಗಳಿಗೆ ನೀರು ದಕ್ಕದು. ಒಣಗಾಳಿಯೂ ಬಿಸಿಲೂ ಮಾತ್ರ ಕೊಂಬೆಯ ತೇವವನ್ನು ಹೀರುತ್ತಲೇ ಇರುತ್ತವೆ. ಎಲೆಯುದುರಿಸದ ರೋಡೊಡೆಂಡ್ರನ್ ಪೊದೆಗೆ ಈ ಕಾಟ ಇನ್ನೂ ಹೆಚ್ಚು. ಕಡುಚಳಿಯಲ್ಲಿ ಅದು ಎಲೆಗಳನ್ನು ಬೀಡಿಯಂತೆ ಸುರುಳಿಸುತ್ತಿ ತೂಗುಬಿಡುವುದನ್ನು ಕಾಣಬಹುದು. ಬುಡದ ಮೇಲೆ ಬಿದ್ದ ಹಿಮರಾಶಿಯಾದರೋ ಶತ್ರುವಲ್ಲ, ಕಂಬಳಿ. ಬೇರುಗಳು ಕೊಂಬೆಗಳಷ್ಟು ಚಳಿ ತಾಳಲಾರವು. ಅವನ್ನು ಬೆಚ್ಚಗಿಡುವುದು ಮಣ್ಣೂ ಅದರ ಮೇಲಣ ಹಿಮವೂ. ಕುಂಡದಲ್ಲಿಟ್ಟ ಗಿಡ ನೆಲದಲ್ಲಿರುವುದಕ್ಕಿಂತ ಬೇಗ ಸಾಯುವುದು ಇದರಿಂದಲೇ.

ವಸಂತದಲ್ಲಿ ಕಂಡ ಆ ಒಣಕಡ್ಡಿಗಳ ಕಂತೆಯನ್ನು ಕೂಡಲೇ ಕಿತ್ತೊಗೆಯಬಾರದು. ಉಗುರಿನಿಂದ ತೊಗಟೆಯನ್ನು ಮೆಲ್ಲನೆ ಕೆರೆದಾಗ ಅಡಿಯಲ್ಲಿ ಹಸಿರು ಕಂಡರೆ ಆ ಕೊಂಬೆಗೆ ಜೀವವಿದೆ. ಕಂದು ಬಣ್ಣವಾದರೆ ಇನ್ನೂ ಕೆಳಗೆ, ಬುಡದವರೆಗೂ ಕೆರೆದು ನೋಡಬೇಕು. ಕೊಂಬೆಗಳೆಲ್ಲ ಸತ್ತಿದ್ದರೂ ಬುಡದಿಂದ ಹೊಸ ಕುಡಿಗಳು ಬೇಸಗೆಯ ಆರಂಭದಲ್ಲಿ ಏಳುವುದುಂಟು. ಹಳೆಯ ತಳಿಗಳು ಹೂಮೊಗ್ಗನ್ನು ಹಿಂದಿನ ವರ್ಷದ ಕೊಂಬೆಯಲ್ಲಿಯೇ ಕಟ್ಟಿಡುವುದರಿಂದ, ಆ ವರ್ಷ ಮಾತ್ರ ಎಲೆಯನ್ನಷ್ಟೆ ಕಾಣಬೇಕು, ಹೂವನ್ನಲ್ಲ.