ಏಶ್ಯಾಡ್ ಮತ್ತು ಆತಿಥೇಯ ನಾಡಿನ ಕ್ರೀಡಾಪಟುಗಳು

ಪ್ರತಿವರ್ಷ ಶಾಲೆ ತೆರೆದು ಕೆಲವು ತಿಂಗಳಾಗುತ್ತಲೇ ಉಪಜಿಲ್ಲಾ ಕ್ರೀಡಾಕೂಟದ ಗೌಜಿ ಆರಂಭವಾಗುತ್ತದೆ. ಕೂಟ ಯಾವ ಶಾಲೆಯ ಬಯಲಿನಲ್ಲಿ ನಡೆಯುತ್ತದೆಯೋ ಆ ಶಾಲೆಯ ಮಕ್ಕಳಿಗೆ ಬಹುಮಾನಗಳು ತುಸು ಹೆಚ್ಚಾಗಿ ಬರುವುದುಂಟು. “ಅವರ ಬಯಲು, ಅವರ ಜನ. ಬಾರದೆ ಇರುತ್ತದೆಯೆ?” ಎಂದು ಉಳಿದ ಶಾಲೆಗಳ ಮಕ್ಕಳು ಹೇಳಿಕೊಳ್ಳುವುದೂ ಉಂಟು. ಈ ಮಾತಿನಲ್ಲಿ ನಿಜವೆಷ್ಟು, ಸೋತವರು ಹೇಳಿಕೊಳ್ಳುವ ಸಮಾಧಾನವೆಷ್ಟು? ಇದನ್ನು ತಿಳಿಯಲು ಒಂದು ದೊಡ್ಡ ಕೂಟದ ಲೆಕ್ಕವನ್ನೇ ತೆಗೆದು ನೋಡೋಣ.

ಏಶ್ಯಾ ಖಂಡದ ರಾಷ್ಟ್ರಗಳು ನಾಲ್ಕು ವರ್ಷಗಳಿಗೊಮ್ಮೆ ಒಂದೆಡೆ ಕಲೆತು ನಡೆಸುವ ಕ್ರೀಡಾಮೇಳವನ್ನು ಏಶ್ಯಾಡ್ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ಬಳಿಕ ಒಂದೊಂದಾಗಿ ಸ್ವತಂತ್ರವಾಗುತ್ತಿದ್ದ ದೇಶಗಳು ಪರಸ್ಪರ ಪರಿಚಯವಾಗಬೇಕೆಂಬುದು ಇದರ ಮೂಲ ಆಶಯ. ಭಾರತದ ಗುರುದತ್ತ ಸೋಂಧಿಯವರು ಈ ಯತ್ನದ ಮುಂದಾಳುಗಳಲ್ಲಿ ಒಬ್ಬರು. ಮೊದಲ ಏಶ್ಯಾಡ್ ನಡೆದದ್ದು ನಮ್ಮ ಹೊಸದಿಲ್ಲಿಯಲ್ಲೇ, 1951ರ ಮಾರ್ಚ್ 4ರಿಂದ 11ರವರೆಗೆ. ಆಗ ಬಂದಿದ್ದವು 11 ರಾಷ್ಟ್ರಗಳು. ದಿಲ್ಲಿಯಲ್ಲಿ ಎರಡನೆಯ ಬಾರಿ ಏಶ್ಯಾಡ್ ನಡೆದದ್ದು 1982ರ ನವೆಂಬರ್ 19ರಿಂದ ಡಿಸೆಂಬರ್ 4ರವರೆಗೆ. ಆಗ 33 ರಾಷ್ಟ್ರಗಳು ಭಾಗವಹಿಸಿದವು. ‘ಅಪ್ಪು’ ಎಂಬ ಆನೆಮರಿ ಆ ಕೂಟದ ಲಾಂಛನವಾಗಿತ್ತು.

ಈಗ ಲೆಕ್ಕಕ್ಕೆ ಬರೋಣ. ಫಿಲಿಪ್ಪೀನ್ಸ್ 1951ರಲ್ಲಿ ಗಳಿಸಿದ ಸುವರ್ಣ ಪದಕಗಳು 5. ತನ್ನ ಮನಿಲಾ ನಗರದಲ್ಲೇ 1954ರ ಕೂಟ ನಡೆದಾಗ 14. ಇರಾನ್ 1970ರಲ್ಲಿ ಬ್ಯಾಂಕಾಕಿನಲ್ಲಿ ಗಳಿಸಿದ್ದು 9 ಸುವರ್ಣ. 1974ರಲ್ಲಿ ತನ್ನ ತೆಹರಾನಿನಲ್ಲಿ 36. ದಕ್ಷಿಣ ಕೊರಿಯ 1982ರಲ್ಲಿ ದಿಲ್ಲಿಯಿಂದ ಒಯ್ದದ್ದು 28. 1986ರಲ್ಲಿ ತನ್ನ ಸಿಯೋಲಿನಲ್ಲಿ 93. ಇಂಡೊನೇಶಿಯ 2014ರಲ್ಲಿ 4, 2018ರಲ್ಲಿ ತಾನೇ ಆತಿಥ್ಯ ವಹಿಸಿದಾಗ 31. ಕೂಟಗಳು ಬೇರೆ, ಕಾಲ ಬೇರೆ, ದೇಶಗಳು ಬೇರೆ. ಕತೆ ಮಾತ್ರ ಒಂದೇ. ಆದುದರಿಂದ ತವರು ನೆಲದಲ್ಲಿ ಬಲ ಹೆಚ್ಚುತ್ತದೆಂಬ ಮಾತು ಬರಿಯ ಸಮಾಧಾನವಲ್ಲ.

ಇದಕ್ಕೆ ಕಾರಣಗಳೇನು? ಒಂದನೆಯದು ಸಂಖ್ಯೆ. ಪರದೇಶಕ್ಕೆ ತಂಡ ಕಳುಹಿಸುವಾಗ ಪ್ರಯಾಣದ ಖರ್ಚು ಲೆಕ್ಕಹಾಕಬೇಕಾಗುತ್ತದೆ. ಗೆಲ್ಲುವ ಭರವಸೆಯಿರುವವರು ಮಾತ್ರ ಹೋಗುತ್ತಾರೆ. ಮನೆಯಲ್ಲೇ ಕೂಟವಾದರೆ ಎಲ್ಲ ಸ್ಪರ್ಧೆಗಳಿಗೂ ಆಟಗಾರರನ್ನು ಇಳಿಸಬಹುದು. ಎರಡನೆಯದು ತಯಾರಿ. ಆತಿಥ್ಯ ದೊರೆತ ದಿನದಿಂದಲೇ ಹೊಸ ಕ್ರೀಡಾಂಗಣ, ಈಜುಕೊಳ, ತರಬೇತಿ ಶಿಬಿರ ಇವಕ್ಕೆಲ್ಲ ಸರಕಾರ ಹಣ ಒದಗಿಸುತ್ತದೆ. ಮೂರನೆಯದು ಪರಿಚಯ. ಹವೆ ತನ್ನದು, ಊಟ ತನ್ನದು, ನಿದ್ದೆಯ ಹೊತ್ತು ತಪ್ಪುವುದಿಲ್ಲ. ನಾಲ್ಕನೆಯದು ಜನರ ಕೂಗು. ದಣಿದ ಕಾಲಿಗೆ ಅದು ಬಲ ಕೊಡುತ್ತದೆ. ಅಂಕ ಕೊಟ್ಟು ತೀರ್ಮಾನಿಸುವ ಆಟಗಳಲ್ಲಿ ತೀರ್ಪುಗಾರರ ಮನಸ್ಸನ್ನೂ ಅದು ಅರಿಯದಂತೆ ಎಳೆಯಬಹುದು. ಓಟದಲ್ಲಿ ಮಾತ್ರ ಈ ಅನುಕೂಲ ಕಡಿಮೆ. ಗಡಿಯಾರಕ್ಕೆ ಚಪ್ಪಾಳೆ ಕೇಳಿಸುವುದಿಲ್ಲವಷ್ಟೆ.

ಐದನೆಯ ಕಾರಣವನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಯಾವ ಯಾವ ಆಟಗಳು ಕೂಟದಲ್ಲಿ ಇರಬೇಕೆಂಬ ವಿಷಯದಲ್ಲಿ ಆತಿಥೇಯರ ಮಾತಿಗೆ ಬೆಲೆಯಿದೆ. ಇಂಡೊನೇಶಿಯದಲ್ಲಿ 2018ರಲ್ಲಿ ಆ ನಾಡಿನವರು ಚೆನ್ನಾಗಿ ಬಲ್ಲ ‘ಪೆಂಚಕ್ ಸಿಲಾಟ್’ ಎಂಬ ಕಾಳಗದ ಕಲೆಯನ್ನು ಸೇರಿಸಲಾಯಿತು. ಅದರ 16 ಸುವರ್ಣಗಳಲ್ಲಿ 14 ಅವರಿಗೇ ಬಂದವು! ನಮ್ಮ ಕಬಡ್ಡಿಯೂ 1982ರ ದಿಲ್ಲಿಯಲ್ಲಿ ಪ್ರದರ್ಶನದ ಆಟವಾಗಿ ಎಲ್ಲರ ಕಣ್ಣಿಗೆ ಬಿತ್ತು. 1990ರ ಬೀಜಿಂಗ್ ಕೂಟದಿಂದ ಅದಕ್ಕೆ ಪದಕದ ಮರ್ಯಾದೆ ದೊರೆಯಿತು.

ಇನ್ನು ನಮ್ಮ ದೇಶದ ಕತೆ. ಭಾರತವು 1978ರ ಬ್ಯಾಂಕಾಕ್ ಕೂಟದಲ್ಲಿ 11 ಸುವರ್ಣವೂ ಸೇರಿ ಒಟ್ಟು 28 ಪದಕ ಗಳಿಸಿತ್ತು. ದಿಲ್ಲಿಯಲ್ಲಿ 1982ರಲ್ಲಿ 13 ಸುವರ್ಣ, 19 ರಜತ, 25 ಕಂಚು, ಒಟ್ಟು 57. ರಾಷ್ಟ್ರಗಳಲ್ಲಿ ಐದನೆಯ ಸ್ಥಾನ. ಈ ಅಂಕಿಗಳನ್ನು ನಿಧಾನವಾಗಿ ಓದಿರಿ. ಒಟ್ಟು ಪದಕಗಳು ಎರಡು ಪಟ್ಟಿಗಿಂತ ಹೆಚ್ಚಾದವು. ಆದರೆ ಸುವರ್ಣ ಹೆಚ್ಚಿದ್ದು ಕೇವಲ ಎರಡು. ಬೆಳೆದದ್ದೆಲ್ಲ ಬೆಳ್ಳಿ ಮತ್ತು ಕಂಚು. ತವರು ನೆಲ ಹಲವರನ್ನು ಕೆಳಗಿನ ಮೆಟ್ಟಿಲುಗಳವರೆಗೆ ಕೈಹಿಡಿದು ಏರಿಸಿತು. ಮೇಲಿನ ಮೆಟ್ಟಿಲನ್ನು ಮಾತ್ರ ಅವರವರೇ ಹತ್ತಬೇಕಾಯಿತು.

ಆ 13 ಸುವರ್ಣಗಳು ಯಾರ ಯಾರವು? ಕುದುರೆ ಸವಾರಿಯಲ್ಲಿ ಮೂರು: ರಘುವೀರ್ ಸಿಂಗ್ ಅವರದೊಂದು, ಅವರಿದ್ದ ತಂಡದ್ದೊಂದು, ಓಡುವ ಕುದುರೆಯ ಮೇಲಿಂದ ನೆಲದ ಗೂಟವನ್ನು ಈಟಿಯಲ್ಲಿ ಎತ್ತುವ ಆಟದಲ್ಲಿ ರೂಪಿಂದರ್ ಸಿಂಗ್ ಬ್ರಾರ್ ಅವರದೊಂದು. ಗಾಲ್ಫಿನಲ್ಲಿ ಎರಡು: ಲಕ್ಷ್ಮಣ್ ಸಿಂಗ್ ಅವರದು ಮತ್ತು ತಂಡದ್ದು. ಎಲಿಜಾ ನೆಲ್ಸನ್ ನಾಯಕಿಯಾಗಿದ್ದ ಮಹಿಳಾ ಹಾಕಿ ತಂಡದ್ದೊಂದು. ಕುದುರೆ ಸವಾರಿ, ಗಾಲ್ಫ್, ಮಹಿಳಾ ಹಾಕಿ ಈ ಮೂರೂ ಏಶ್ಯಾಡಿಗೆ ಮೊದಲ ಬಾರಿ ಸೇರಿದ್ದು ಆ ವರ್ಷವೇ. ಅಂದರೆ 13ರಲ್ಲಿ 6 ಸುವರ್ಣಗಳು ಹೊಸದಾಗಿ ಬಂದ ಆಟಗಳವು! ಉಳಿದವುಗಳಲ್ಲಿ ಮುಷ್ಟಿಯುದ್ಧದಲ್ಲಿ ಕೌರ್ ಸಿಂಗ್, ಕುಸ್ತಿಯಲ್ಲಿ ಸತ್ಪಾಲ್, ಹಾಯಿದೋಣಿಯಲ್ಲಿ ಫಾರೂಖ್ ತಾರಾಪೂರ್ ಮತ್ತು ಜರೀರ್ ಕರಂಜಿಯಾ ಒಂದೊಂದು ಗೆದ್ದರು. ಓಟ, ನಡಿಗೆ, ಎಸೆತಗಳ ವಿಭಾಗದಲ್ಲಿ ನಾಲ್ಕು ಬಂದವು: 800 ಮೀಟರ್ ಓಟದಲ್ಲಿ ಚಾರ್ಲ್ಸ್ ಬೊರೊಮಿಯೊ, 20 ಕಿಲೋಮೀಟರ್ ನಡಿಗೆಯಲ್ಲಿ ಚಾಂದ್ ರಾಮ್, ಗುಂಡೆಸೆತದಲ್ಲಿ ಬಹಾದೂರ್ ಸಿಂಗ್, ಮಹಿಳೆಯರ 400 ಮೀಟರ್ ಹರ್ಡಲ್ಸ್‌ನಲ್ಲಿ ಎಂ. ಡಿ. ವಲ್ಸಮ್ಮ.

ವಲ್ಸಮ್ಮ ಕಣ್ಣೂರು ಜಿಲ್ಲೆಯ ಒಟ್ಟತ್ತಾಯಿ ಎಂಬ ಹಳ್ಳಿಯವರು. ನಮ್ಮ ಕಾಸರಗೋಡು ಬೇರೆ ಜಿಲ್ಲೆಯಾದದ್ದು 1984ರಲ್ಲಿ. ದಿಲ್ಲಿಯ ಕೂಟದ ಕಾಲಕ್ಕೆ ನಾವೂ ಕಣ್ಣೂರು ಜಿಲ್ಲೆಗೇ ಸೇರಿದವರು. ಆದುದರಿಂದ ಆಕೆ ನಮ್ಮದೇ ಜಿಲ್ಲೆಯ ಹುಡುಗಿ ಎಂದು ಹೇಳಿಕೊಂಡರೆ ತಪ್ಪಾಗದು. ಆಕೆ ಗೆದ್ದ ಓಟ ಎಂಥದೆಂದು ವಿದ್ಯಾರ್ಥಿಗಳು ತಿಳಿದಿರಬೇಕು. ಕ್ರೀಡಾಂಗಣದ ಒಂದು ಸುತ್ತು 400 ಮೀಟರ್. ಅದರಲ್ಲಿ 10 ಅಡ್ಡಗಟ್ಟೆಗಳು. ಹೊರಡುವ ಗೆರೆಯಿಂದ ಮೊದಲನೆಯದಕ್ಕೆ 45 ಮೀಟರ್, ಒಂದರಿಂದ ಇನ್ನೊಂದಕ್ಕೆ 35 ಮೀಟರ್, ಕೊನೆಯದನ್ನು ದಾಟಿದ ಮೇಲೆ ಗುರಿಗೆ 40 ಮೀಟರ್. ಎರಡು ಗಟ್ಟೆಗಳ ನಡುವೆ ಎಷ್ಟು ಹೆಜ್ಜೆ ಎಂಬುದು ಕಾಲಿಗೆ ಕಂಠಪಾಠವಾಗಿರಬೇಕು. ಒಂದು ಹೆಜ್ಜೆ ತಪ್ಪಿದರೆ ಹಾರುವ ಕಾಲೇ ಬದಲಾಗುತ್ತದೆ, ವೇಗ ಮುರಿಯುತ್ತದೆ. ಇದು ಎರಡು ತಿಂಗಳ ಶಿಬಿರದಲ್ಲಿ ಬರುವ ವಿದ್ಯೆಯಲ್ಲ. ವರ್ಷಗಟ್ಟಲೆ ಸಂಜೆಗಳನ್ನು ಕೊಟ್ಟು ಸಂಪಾದಿಸಬೇಕಾದದ್ದು. ವಲ್ಸಮ್ಮ 58.47 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಜನರ ಕೂಗು ಕೊನೆಯ 40 ಮೀಟರಿಗೆ ನೆರವಾಗಿರಬಹುದು; ಆ ಹತ್ತು ಗಟ್ಟೆಗಳನ್ನು ದಾಟಿಸಿದ್ದು ಅಭ್ಯಾಸ.

ತವರು ನೆಲ ಹೊರಿಸುವ ಭಾರವೂ ಒಂದಿದೆ. ಪುರುಷರ ಹಾಕಿಯ ಅಂತಿಮ ಪಂದ್ಯ 1982ರ ಡಿಸೆಂಬರ್ 1ರಂದು ಭಾರತ ಮತ್ತು ಪಾಕಿಸ್ತಾನಗಳ ನಡುವೆ ನಡೆಯಿತು. ಕ್ರೀಡಾಂಗಣ ಕಿಕ್ಕಿರಿದಿತ್ತು. ಮೊದಲ ಗೋಲು ಹೊಡೆದವರು ನಮ್ಮವರೇ. ಆಮೇಲೆ ಆದದ್ದು 7–1ರ ಸೋಲು. ಹನ್ನೊಂದು ಮಂದಿ ಸೋತ ಪಂದ್ಯದ ದೂರನ್ನು ಜನರು ಗೋಲು ಕಾಯುತ್ತಿದ್ದ ಮೀರ್ ರಂಜನ್ ನೇಗಿ ಒಬ್ಬರ ತಲೆಗೇ ಕಟ್ಟಿದರು. ವರ್ಷಗಟ್ಟಲೆ ಆ ಅಪವಾದ ಅವರನ್ನು ಬಿಡಲಿಲ್ಲ. ಮುಂದೆ ಅವರು ಮಹಿಳಾ ತಂಡದ ತರಬೇತಿಯಲ್ಲಿ ಕೈಜೋಡಿಸಿದರು. ಆ ತಂಡ 2002ರ ಕಾಮನ್‌ವೆಲ್ತ್ ಕೂಟದಲ್ಲಿ ಸುವರ್ಣ ಗೆದ್ದಿತು. ಗೆಲ್ಲಲೇಬೇಕೆಂದು ಕೂಗುವ ಜನ ಸೋತವನನ್ನು ಹೇಗೆ ಕಾಣುತ್ತಾರೆ ಎಂಬುದೂ ಆತಿಥ್ಯದ ಒಂದು ಪರೀಕ್ಷೆಯೇ. ಅದರಲ್ಲಿ ನಾವು 1982ರಲ್ಲಿ ತೇರ್ಗಡೆಯಾಗಲಿಲ್ಲ.

ಅದೇ ಕೂಟದಲ್ಲಿ ಹದಿನೆಂಟರ ಹುಡುಗಿಯೊಬ್ಬಳು 100 ಮೀಟರ್ ಮತ್ತು 200 ಮೀಟರ್ ಎರಡರಲ್ಲೂ ಎರಡನೆಯವಳಾದಳು. ಅವರೇ ಕೋಝಿಕ್ಕೋಡಿನ ಪಯ್ಯೋಳಿಯ ಪಿ. ಟಿ. ಉಷಾ. 100 ಮೀಟರಿನಲ್ಲಿ ಫಿಲಿಪ್ಪೀನ್ಸಿನ ಲಿಡಿಯಾ ಡಿ ವೆಗಾ 11.76 ಸೆಕೆಂಡಿನಲ್ಲಿ ಬಂದರೆ ಉಷಾ ಬಂದದ್ದು 11.95ರಲ್ಲಿ. ಸುಮಾರು ಒಂದೂವರೆ ಮೀಟರಿನ ಅಂತರ! ತುಂಬಿದ ದಿಲ್ಲಿಯ ಕೂಗಿಗೂ ಆ ಒಂದೂವರೆ ಮೀಟರನ್ನು ತುಂಬಲಾಗಲಿಲ್ಲ. ಉಷಾ 1976ರಲ್ಲಿ ಕಣ್ಣೂರಿನಲ್ಲಿ ಹುಡುಗಿಯರಿಗಾಗಿ ಕೇರಳ ಸರಕಾರ ತೆರೆದ ಕ್ರೀಡಾ ವಿಭಾಗಕ್ಕೆ ಸೇರಿದವರು, ಅಲ್ಲಿ ಒ. ಎಂ. ನಂಬಿಯಾರ್ ಅವರ ಶಿಷ್ಯೆಯಾದವರು. ದಿಲ್ಲಿಯ ಎರಡು ಬೆಳ್ಳಿಗಳಿಗೆ ಅವರು ತೃಪ್ತರಾಗಿ ಕೂಡಲಿಲ್ಲ. ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ 1984ರಲ್ಲಿ 400 ಮೀಟರ್ ಹರ್ಡಲ್ಸ್‌ನ ಕಂಚು ಒಂದು ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ತಪ್ಪಿತು. ಅದೇ ಒಲಿಂಪಿಕ್ಸಿನಲ್ಲಿ ಉಷಾ, ವಲ್ಸಮ್ಮ, ಶೈನಿ ಅಬ್ರಹಾಂ ಮತ್ತು ಕರ್ನಾಟಕದ ವಂದನಾ ರಾವ್ ಕೂಡಿ 4×400 ಮೀಟರ್ ರಿಲೇಯ ಅಂತಿಮ ಸುತ್ತಿಗೇರಿದರು.

ಬಳಿಕ ಬಂತು 1986ರ ಸಿಯೋಲ್ ಏಶ್ಯಾಡ್. ನೆಲ ಪರರದು, ಚಪ್ಪಾಳೆ ಪರರಿಗೆ. ಭಾರತದ ಸುವರ್ಣ 13ರಿಂದ 5ಕ್ಕೆ ಇಳಿಯಿತು. ಗಾಲ್ಫ್, ಕುದುರೆ ಸವಾರಿ, ಮಹಿಳಾ ಹಾಕಿ ಇವುಗಳಲ್ಲಿ ಒಂದು ಸುವರ್ಣವೂ ಉಳಿಯಲಿಲ್ಲ. ಆ ಐದರಲ್ಲಿ ಒಂದು ಕುಸ್ತಿಯ ಕರ್ತಾರ್ ಸಿಂಗ್ ಅವರದು. ಉಳಿದ ನಾಲ್ಕರಲ್ಲೂ ಉಷಾ ಇದ್ದರು: 200 ಮೀಟರ್, 400 ಮೀಟರ್, 400 ಮೀಟರ್ ಹರ್ಡಲ್ಸ್ ಮತ್ತು ರಿಲೇ. ಮನೆಯಲ್ಲಿ ಬೆಳ್ಳಿ ಪಡೆದವರು ಹೊರಗೆ ಹೋಗಿ ಚಿನ್ನ ತಂದರು. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ಕುಣಿಯಬಲ್ಲವಳಿಗೆ ಯಾವ ನೆಲವೂ ಡೊಂಕಲ್ಲವೆಂಬುದನ್ನು ಸಿಯೋಲ್ ತೋರಿಸಿತು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. ದಿಲ್ಲಿಯ 1951ರ ಕೂಟದಲ್ಲಿ ಸಚಿನ್ ನಾಗ್ 100 ಮೀಟರ್ ಈಜಿನಲ್ಲಿ ಗೆದ್ದು ಏಶ್ಯಾಡಿನಲ್ಲಿ ಭಾರತದ ಮೊದಲ ಸುವರ್ಣ ತಂದರು. ಅದೇ ಕೂಟದಲ್ಲಿ ಬೆಂಗಳೂರಿನ ಅಹಮದ್ ಖಾನ್ ಅವರಿದ್ದ ಕಾಲ್ಚೆಂಡಿನ ತಂಡ ಇರಾನನ್ನು 1–0ಯಿಂದ ಸೋಲಿಸಿತು. ಒಟ್ಟು 15 ಸುವರ್ಣಗಳೊಡನೆ ಭಾರತ ಜಪಾನಿನ ನಂತರ ಎರಡನೆಯದಾಯಿತು. ಆದರೆ 1954ರಲ್ಲಿ ಮನಿಲಾದಲ್ಲಿ ಬಂದದ್ದು 5 ಮಾತ್ರ. ಈಜಿನಲ್ಲಂತೂ ನಾಗ್ ಅವರ ಬಳಿಕ 2023ರ ಹಾಂಗ್‌ಝೌ ಕೂಟದವರೆಗೆ ಭಾರತಕ್ಕೆ ಇನ್ನೊಂದು ಸುವರ್ಣ ಬರಲಿಲ್ಲ. ಒಂದು ಗೆಲುವಿನ ಹಿಂದೆ ಊರೂರಿನಲ್ಲಿ ಕೊಳಗಳು, ಕಲಿಸುವವರು, ಕಲಿಯುವ ಮಕ್ಕಳು ಬಾರದಿದ್ದರೆ ಆ ಗೆಲುವು ಒಂಟಿಯಾಗಿಯೇ ಉಳಿಯುತ್ತದೆ. ತದ್ವಿರುದ್ಧವಾಗಿ, 1951ರ 15 ಸುವರ್ಣಗಳನ್ನು ಭಾರತ ಬಹುದೂರ ಹಿಂದಿಕ್ಕಿದ್ದು ಚೀನಾದ ಹಾಂಗ್‌ಝೌನಲ್ಲಿ: 28 ಸುವರ್ಣ, ನೂರಕ್ಕೂ ಮಿಕ್ಕಿದ ಪದಕಗಳು. ಅದು ನಮ್ಮ ನೆಲವಲ್ಲ.

ವಿದ್ಯಾರ್ಥಿಗಳೇ, ನಿಮಗೊಂದು ಮನೆಗೆಲಸ ಕೊಡುತ್ತೇನೆ. 2026ರ ಏಶ್ಯಾಡಿನ ಆತಿಥ್ಯ ಜಪಾನಿಗೆ ದೊರೆತಿದೆ. ಹಾಂಗ್‌ಝೌನಲ್ಲಿ ಜಪಾನ್ ಗಳಿಸಿದ ಸುವರ್ಣ 52. ತನ್ನ ನೆಲದಲ್ಲಿ ಅದು ಗಳಿಸುವ ಸಂಖ್ಯೆಯನ್ನು ಅದರ ಪಕ್ಕದಲ್ಲಿ ಬರೆಯಿರಿ. ಹೆಚ್ಚಳ ಯಾವ ಆಟಗಳಲ್ಲಿ, ಅದರಲ್ಲಿ ಹೊಸದಾಗಿ ಸೇರಿದ ಆಟಗಳೆಷ್ಟು ಎಂದು ಬಿಡಿಸಿ ನೋಡಿರಿ. ಪದಕಪಟ್ಟಿಯನ್ನು ಹಾಗೆ ಓದಲು ಕಲಿತವನು ಬರಿಯ ಹೆಮ್ಮೆಗೂ ಬರಿಯ ನಿರಾಶೆಗೂ ಬೀಳುವುದಿಲ್ಲ.

ಇನ್ನೊಂದು ಮಾತು. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಜಿಲ್ಲೆಯನ್ನು ದಾಟಿ ರಾಜ್ಯಮಟ್ಟದ ಕೂಟಕ್ಕೆ ಹೋದಾಗ ಸುತ್ತಲೂ ಕೇಳುವುದು ಮಲಯಾಳ. ಹೆಸರು ಕೂಗುವುದೂ, ನಿಯಮ ಹೇಳುವುದೂ ಮಲಯಾಳದಲ್ಲೇ. ನಮ್ಮದೇ ರಾಜ್ಯವಾದರೂ ಅತಿಥಿಗಳಂತೆ ಒಂದು ಬದಿಯಲ್ಲಿ ಮುದುಡಿ ನಿಲ್ಲುವ ಮಕ್ಕಳಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೆ: ಮಲಯಾಳವನ್ನೂ ಚೆನ್ನಾಗಿ ಕಲಿಯಿರಿ, ಸಂಕೋಚ ಬಿಡಿ. ಓಟದ ಗೆರೆಯ ಮೇಲೆ ನಿಂತವಳು ಯಾವ ಮಾಧ್ಯಮದಲ್ಲಿ ಓದುತ್ತಾಳೆಂದು ಗಡಿಯಾರ ಕೇಳುವುದಿಲ್ಲ.

ಹೆತ್ತವರಲ್ಲೂ ಒಂದು ವಿನಂತಿ. ಎಂಟನೆಯ ತರಗತಿಯವರೆಗೆ ಗಾಳಿಯಂತೆ ಓಡುತ್ತಿದ್ದ ಹುಡುಗಿಯರು ಒಂಬತ್ತಕ್ಕೆ ಬರುತ್ತಲೇ ಬಯಲಿಗೆ ಇಳಿಯುವುದನ್ನು ಬಿಡುತ್ತಾರೆ. ದೊಡ್ಡವಳಾದಳು, ಪರೀಕ್ಷೆ ಬಂತು, ಸಂಜೆಗೆ ಮನೆಯಲ್ಲಿ ಕೆಲಸವಿದೆ ಎಂಬ ಕಾರಣಗಳು ಒಂದರ ಹಿಂದೆ ಒಂದು ಬರುತ್ತವೆ. ವಲ್ಸಮ್ಮ, ಉಷಾ ಇಬ್ಬರೂ ಇದೇ ಮಣ್ಣಿನ ಹಳ್ಳಿಗಳ ಹುಡುಗಿಯರು. ಅವರ ಮನೆಯವರು ಆ ವಯಸ್ಸಿನಲ್ಲಿ ಅವರನ್ನು ಬಯಲಿನಿಂದ ಹಿಂದಕ್ಕೆ ಕರೆಯಲಿಲ್ಲ. ವಾರಕ್ಕೆ ಎರಡು ಸಂಜೆಗಳನ್ನು ನಿಮ್ಮ ಮಗಳಿಗೂ ಬಿಟ್ಟುಕೊಡಿ. ಪದಕ ಬರಲಿ, ಬಾರದಿರಲಿ. ಪರಸ್ಥಳದಲ್ಲಿ ತಲೆಯೆತ್ತಿ ನಿಲ್ಲುವ ಧೈರ್ಯ ಅವಳಿಗೆ ಬಂದೇ ಬರುತ್ತದೆ.